ಹದಿನೆಂಟು ತಿಂಗಳ ಬುತ್ತಿ

ಆಸ್ಪತ್ರೆಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಉಳಿದವರಿಗೆಲ್ಲ ಅವಳು ಚುಚ್ಚಮ್ಮ. ಎಳೆಮಕ್ಕಳ ರಕ್ತ ತೆಗೆಯುವುದು ಅವಳ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿಕೊಂಡು ಬಂದವಳಿಗೆ ಇನ್ನೆಂಥ ಹೆಸರು ಬಂದೀತು ಹೇಳಿ. ತರಕಾರಿ ಅಂಗಡಿಯ ಮುಂದೆ ಅವಳನ್ನು ಕಂಡರೂ ಸಾಕು, ಮಕ್ಕಳು ರಾಗ ಎಳೆಯಲು ಶುರು ಮಾಡುತ್ತಿದ್ದವು. ಒಮ್ಮೆ ಬಸ್ಸಿನಲ್ಲಿ ಒಂದು ಕೂಸು ಅವಳ ಮುಖ ನೋಡಿದ್ದೇ ತಡ, ತನ್ನ ಎರಡೂ ಪಾದಗಳನ್ನು ಅಪ್ಪನ ಕಂಕುಳಲ್ಲಿ ಬಚ್ಚಿಟ್ಟುಕೊಂಡಿತಂತೆ. ಇಡೀ ಬಸ್ಸು ನಕ್ಕಿತು. ಅವಳೂ ನಕ್ಕಳು. ಆದರೆ ಎರಡು ಸ್ಟಾಪು ಮುಂಚೆಯೇ ಇಳಿದು ಮನೆಗೆ ನಡೆದು ಹೋದಳು.

ಅವಳ ಗಂಡ ಗಡಿಯಾರ ರಿಪೇರಿಯವನು. ಅವನಿಗೆ ಇದೇ ತಮಾಷೆ. "ನಾನು ನಿಂತಿದ್ದನ್ನ ಓಡಿಸ್ತೀನಿ, ನೀನು ಸುಮ್ನಿದ್ದವರನ್ನ ಅಳಿಸ್ತೀಯ. ಒಳ್ಳೇ ಜೋಡಿ ಕಣೇ ನಮ್ಮದು" ಅನ್ನುತ್ತಿದ್ದ. ಮೊದಮೊದಲು ಅವಳಿಗೆ ನಗು ಬರುತ್ತಿತ್ತು. ಆಮೇಲಾಮೇಲೆ ಮಂಡಿ ನೋವು ಶುರುವಾಯಿತು, ನಗು ಕಡಿಮೆಯಾಯಿತು. ಮಂಡಿ ನೋಯುವವರಿಗೆ ಹಳೇ ಜೋಕು ಹಿಡಿಸುವುದಿಲ್ಲ.

ಅವಳ ಕೋಣೆ ಎರಡನೇ ಮಹಡಿಯ ಮೂಲೆಯಲ್ಲಿತ್ತು. ಕೋಣೆ ಅಂದರೆ ದೊಡ್ಡ ಮಾತಾಯಿತು, ಹಿಂದೆ ಅಲ್ಲಿ ಪೊರಕೆ, ಬಕೆಟ್ಟು ಇಡುತ್ತಿದ್ದರು. ಒಂದು ಮೇಜು, ಕಾಲು ಕುಂಟುವ ಒಂದು ಸ್ಟೂಲು, ತಾಯಂದಿರಿಗೆ ಒಂದು ಕುರ್ಚಿ, ಗೋಡೆಯ ಮೇಲೆ ಯಾರೂ ಓದದ ಒಂದು ಪೋಸ್ಟರು. ಕಿಟಕಿ ಇತ್ತು, ತೆರೆದರೆ ಎದುರಿಗೆ ನೀರಿನ ಟ್ಯಾಂಕಿನ ಗೋಡೆ. ತೆರೆದರೆ ಪಾಚಿಯ ವಾಸನೆ, ಮುಚ್ಚಿದರೆ ಸ್ಪಿರಿಟ್ಟಿನ ವಾಸನೆ ತಲೆಗೇರುತ್ತಿತ್ತು. ಎರಡರಲ್ಲಿ ಪಾಚಿಯೇ ವಾಸಿ ಅಂತ ತೆರೆದಿಡುತ್ತಿದ್ದಳು.

ಅಲ್ಲಿಗೆ ಬರುತ್ತಿದ್ದದ್ದು ಎಚ್‌ಐವಿ ಇರುವ ತಾಯಂದಿರ ಮಕ್ಕಳು. ಆರು ವಾರ ತುಂಬಿದಾಗ ಒಮ್ಮೆ, ಆರು ತಿಂಗಳಿಗೆ ಒಮ್ಮೆ, ವರ್ಷಕ್ಕೆ ಒಮ್ಮೆ, ಕೊನೆಗೆ ಒಂದೂವರೆ ವರ್ಷಕ್ಕೆ. ಆರು ವಾರದ ಕೂಸಿಗೆ ಹಿಮ್ಮಡಿಯಲ್ಲಿ ಚುಚ್ಚಬೇಕು. ಹಿಮ್ಮಡಿಯನ್ನು ಅವಳು ಮೊದಲು ತನ್ನ ಎರಡು ಅಂಗೈಗಳ ನಡುವೆ ಇಟ್ಟು ಬೆಚ್ಚಗೆ ಮಾಡುತ್ತಿದ್ದಳು. ತಣ್ಣಗಿರುವ ಹಿಮ್ಮಡಿ ರಕ್ತ ಬಿಡುವುದಿಲ್ಲ, ಎರಡನೇ ಸಲ ಚುಚ್ಚಬೇಕಾಗುತ್ತದೆ. ಎರಡನೇ ಸಲ ಚುಚ್ಚುವುದೆಂದರೆ ಅವಳ ಪಾಲಿಗೆ ತಲೆ ತಗ್ಗಿಸುವ ವಿಷಯ. "ಒಂದು, ಎರಡು, ಮೂರು ಅಂತ ಎಣಿಸ್ತೀನಿ, ಮಗೂನ ಗಟ್ಟಿಯಾಗಿ ಹಿಡ್ಕೊ" ಅಂತ ತಾಯಿಗೆ ಹೇಳಿ, ಎರಡಕ್ಕೇ ಚುಚ್ಚಿ ಮುಗಿಸಿಬಿಡುತ್ತಿದ್ದಳು. ಮೂರರ ತನಕ ಕಾದರೆ ತಾಯಂದಿರು ತಮಗರಿವಿಲ್ಲದೆ ಮಗುವಿನ ಕಾಲು ಎಳೆದುಕೊಳ್ಳುತ್ತಾರೆ, ಅದಕ್ಕೆ. ಐದು ಉಂಗುರ ಬಿಡಿಸಿದ ಒಂದು ದಪ್ಪ ಕಾಗದ ಇರುತ್ತಿತ್ತು. ಒಂದೊಂದು ಉಂಗುರಕ್ಕೂ ಒಂದೊಂದು ಹನಿ ತುಂಬಿಸಿ, ಒಣಗಿಸಿ, ಲಕೋಟೆಯಲ್ಲಿಟ್ಟು ದೊಡ್ಡ ಲ್ಯಾಬಿಗೆ ಕಳಿಸುವುದು.

ಚುಚ್ಚುವುದು ಎರಡು ನಿಮಿಷದ ಕೆಲಸ. ಅರ್ಥ ಮಾಡಿಸುವುದರಲ್ಲೇ ದಿನ ಮುಗಿಯುತ್ತಿತ್ತು.

ಯಾಕೆಂದರೆ ಪರೀಕ್ಷೆಯಲ್ಲಿ ಎರಡು ಬಗೆ. ಉಂಗುರದ ಕಾಗದದ್ದು ವೈರಸ್ಸನ್ನೇ ಹುಡುಕುತ್ತದೆ. ಇನ್ನೊಂದು, ಬೆರಳುದ್ದದ ಪಟ್ಟಿ, ಹದಿನೈದು ನಿಮಿಷದಲ್ಲಿ ಗೆರೆ ತೋರಿಸುವಂಥದ್ದು. ಅದು ಹುಡುಕುವುದು ವೈರಸ್ಸನ್ನಲ್ಲ, ಅದರ ಜೊತೆ ಹೊಡೆದಾಡಲು ಮೈ ತಯಾರು ಮಾಡಿದ ಪ್ರತಿಕಾಯವನ್ನು. ಒಂದು ಗೆರೆ ಬಂದರೆ ಇಲ್ಲ, ಎರಡು ಬಂದರೆ ಇದೆ. ದೊಡ್ಡವರಿಗೆ ಇಷ್ಟು ಸಾಕು. ಎಳೆಮಕ್ಕಳದ್ದೇ ತೊಡಕು. ಮಗು ಹೊಟ್ಟೆಯಲ್ಲಿರುವಾಗಲೇ ತಾಯಿಯ ಪ್ರತಿಕಾಯ ಅದರ ಮೈಗೆ ಇಳಿದಿರುತ್ತದೆ. ಮಗುವಿಗೆ ರೋಗ ಇಲ್ಲದಿದ್ದರೂ ಪಟ್ಟಿಯ ಮೇಲೆ ಎರಡು ಗೆರೆ ಬಂದುಬಿಡುತ್ತದೆ. ಒಂದೂವರೆ ವರ್ಷದ ಹೊತ್ತಿಗೆ ಅದು ತಾನಾಗಿಯೇ ಕರಗಿ ಹೋಗುತ್ತದೆ. ಆಮೇಲೆ ಕಾಣುವ ಗೆರೆ ಮಗುವಿನ ಸ್ವಂತದ್ದು.

ಇದನ್ನು ಬಾಯಲ್ಲಿ ಹೇಳಿ ನೋಡಿ ಒಂದು ಸಲ. ಅದೂ ಮಗು ಕಿರುಚುತ್ತಿರುವಾಗ, ಹೊರಗೆ ನಲವತ್ತು ಜನ ಕಾಯುತ್ತಿರುವಾಗ. ಪೋಸ್ಟರಿನಲ್ಲಿ 'ಪ್ರತಿಕಾಯ' ಅಂತಲೇ ದಪ್ಪಕ್ಷರದಲ್ಲಿ ಬರೆದಿತ್ತು. ಒಬ್ಬ ತಾಯಿ ಅದನ್ನು ಬಹಳ ಹೊತ್ತು ನೋಡಿ, "ಅದ್ಯಾವ ಕಾಯಿ ಅಕ್ಕ? ಸಾರಿಗೆ ಹಾಕೋದಾ, ಹಾಗೇ ತಿನ್ನೋದಾ?" ಅಂತ ಕೇಳಿದಳು. ತಮಾಷೆಗಲ್ಲ, ಪಾಪ, ನಿಜವಾಗಿಯೇ ಕೇಳಿದ್ದು. ಅವತ್ತು ಚುಚ್ಚಮ್ಮ ಸೋತು ಹೋಗಿ, ಬಾಯಿಗೆ ಬಂದದ್ದನ್ನು ಹೇಳಿದಳು: "ಬುತ್ತಿ ಕಣಮ್ಮ. ದೂರದ ಊರಿಗೆ ಹೊರಟ ಮಗೂಗೆ ಅಮ್ಮ ಬುತ್ತಿ ಕಟ್ಟಿಕೊಡಲ್ವಾ? ಹಾಗೆ ನಿನ್ನ ಮೈ ನಿನ್ನ ಮಗೂಗೆ ಕಟ್ಟಿಕೊಟ್ಟಿದೆ. ಪಟ್ಟಿ ಮೇಲೆ ಈಗ ಕಾಣೋದು ಆ ಬುತ್ತಿ. ಒಂದೂವರೆ ವರ್ಷಕ್ಕೆ ಖಾಲಿ ಆಗುತ್ತೆ."

ಆ ತಾಯಿಯ ಮುಖ ಸಡಿಲವಾಯಿತು. ಅರ್ಥವಾದವರ ಮುಖ ಹೇಗಿರುತ್ತದೆ ಅನ್ನುವುದೇ ಚುಚ್ಚಮ್ಮನಿಗೆ ಮರೆತುಹೋಗಿತ್ತು.

ಅಲ್ಲಿಂದ ಆ ಮಾತು ಹಿಡಿದುಕೊಂಡಿತು. ನರ್ಸುಗಳು ಹೇಳತೊಡಗಿದರು, ಚೀಟಿ ಬರೆಯುವವನು ಹೇಳತೊಡಗಿದ. ಡಾಕ್ಟರಮ್ಮ, ಚಿಕ್ಕ ವಯಸ್ಸಿನವಳು, ಅವಳೂ ಒಂದು ದಿನ ಬಾಗಿಲಲ್ಲಿ ಇಣುಕಿ, "ಅಕ್ಕಾ, ಇವತ್ತು ಬುತ್ತಿ ಮಕ್ಕಳು ಎಷ್ಟಿದ್ದಾರೆ?" ಅಂತ ಕೇಳಿದಳು. ಚುಚ್ಚಮ್ಮನಿಗೆ ಹೆಮ್ಮೆಯಾಗಲಿಲ್ಲ ಅಂದರೆ ಸುಳ್ಳಾದೀತು. ಮನೆಗೆ ಹೋಗಿ ಗಂಡನಿಗೆ ಹೇಳಿದಳು. ಅವನು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆ, "ಊಟಕ್ಕೇನಿದೆ?" ಅಂದ. ಬುತ್ತಿ ಅನ್ನುವ ಮಾತಷ್ಟೇ ಕಿವಿಗೆ ಬಿದ್ದಿತ್ತು ಅವನಿಗೆ.

ಇನ್ನು ಗುಂಡಿ ಹುಡುಗಿಯ ವಿಷಯ. ಗುಂಡಿ ಅಂದರೆ ರಸ್ತೆ ಗುಂಡಿಯಲ್ಲ, ಅಂಗಿ ಗುಂಡಿ. ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದಳು, ಅದಕ್ಕೆ ಆ ಹೆಸರು. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಗಂಡ ಲಾರಿ ಓಡಿಸುವವನು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಇಬ್ಬರಿಗೂ ಎಚ್‌ಐವಿ ಇರುವುದು ಗೊತ್ತಾದದ್ದು ಅವಳು ಬಸುರಿಯಾದಾಗ. ಅಂದಿನಿಂದ ಮಾತ್ರೆ ಶುರು. ಅವಳ ತಾಯಿ ಹೆತ್ತ ಕೆಲವೇ ದಿನಕ್ಕೆ ತೀರಿಕೊಂಡವಳು. ಯಾರ್‍ಯಾರದೋ ಮನೆಯಲ್ಲಿ ಬೆಳೆದು, ಉಟ್ಟ ಬಟ್ಟೆಯಲ್ಲಿ ಗಂಡನ ಮನೆಗೆ ಬಂದಿದ್ದಳು. ಅತ್ತೆ ಅದನ್ನು ದಿನಕ್ಕೊಂದು ಸಲವಾದರೂ ನೆನಪಿಸದೆ ಬಿಡುತ್ತಿರಲಿಲ್ಲ. "ತವರಿಂದ ಒಂದು ಚಮಚ ತಂದವಳಲ್ಲ, ಚಹಾಕ್ಕೆ ಸಕ್ಕರೆ ಮಾತ್ರ ಎರಡು ಚಮಚ ಬೇಕು!" ಅನ್ನುತ್ತಿದ್ದಳು. ಆದರೆ ರೋಗದ ವಿಷಯ ಗೊತ್ತಾದಾಗ ಸೊಸೆಯನ್ನು ಹೊರಗೆ ಹಾಕಲಿಲ್ಲ ಆ ಅತ್ತೆ, ಅದನ್ನೂ ಹೇಳಬೇಕು. "ನನ್ನ ಮಗ ತಂದಿದ್ದು ಅದು, ಇವಳೇನು ಮಾಡ್ತಾಳೆ" ಅಂದು ಸುಮ್ಮನಾದಳು. ಬಾಯಿ ಕೆಟ್ಟದ್ದು, ಹೊಟ್ಟೆ ಒಳ್ಳೆಯದು, ಅಂಥ ಹೆಂಗಸು.

ಮಗು ಹೆಣ್ಣು. ಕೈಕಾಲು ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ, ಎಲ್ಲರೂ ಚೂಟಿ ಅನ್ನುತ್ತಿದ್ದರು. ಆರು ವಾರಕ್ಕೆ ಚೂಟಿಯ ಹಿಮ್ಮಡಿ ಚುಚ್ಚಿ ಉಂಗುರದ ಕಾಗದ ಕಳಿಸಿದ್ದಾಯಿತು. ವೈರಸ್ ಇಲ್ಲ ಅಂತ ಬಂತು. ಆರು ತಿಂಗಳಿಗೂ ಇಲ್ಲ ಅಂತಲೇ ಬಂತು. ಎಲ್ಲ ಸರಿಯಾಗಿತ್ತು.

ಒಂಬತ್ತನೇ ತಿಂಗಳಲ್ಲಿ ಚೂಟಿಗೆ ಜ್ವರ ಬಂತು. ಗುಂಡಿ ಹುಡುಗಿ ಕೆಲಸಕ್ಕೆ ಹೋಗಿದ್ದಳು. ಅಜ್ಜಿ ಮಗುವನ್ನು ಎತ್ತಿಕೊಂಡು ಬೀದಿ ತುದಿಯ ಒಂದು ಸಣ್ಣ ಕ್ಲಿನಿಕ್ಕಿಗೆ ಓಡಿದಳು. ಅಲ್ಲಿಯವನು ಮನೆಯ ವಿಷಯ ಕೇಳಿದ್ದೇ, ಹಿಂದೆ ಮುಂದೆ ನೋಡದೆ, ಬೆರಳು ಚುಚ್ಚಿ ಪಟ್ಟಿ ಹಾಕಿ ನೋಡಿದ. ಎರಡು ಗೆರೆ. "ಮಗೂಗೂ ಬಂದಿದೆ" ಅಂದುಬಿಟ್ಟ.

ಮಾರನೆಯ ದಿನ ಸಂಜೆ ನಾಲ್ಕೂವರೆಗೆ ಅತ್ತೆ, ಸೊಸೆ, ಮಗು ಮೂವರೂ ಚುಚ್ಚಮ್ಮನ ಕೋಣೆಗೆ ನುಗ್ಗಿದರು. ಅವತ್ತು ಮೂವತ್ತೆಂಟು ಮಕ್ಕಳನ್ನು ಚುಚ್ಚಿ ಮುಗಿಸಿದ್ದಳು ಅವಳು. ಮಂಡಿ ಊದಿಕೊಂಡಿತ್ತು. ಚಪ್ಪಲಿ ಬಿಟ್ಟು ಕಾಲನ್ನು ತಣ್ಣನೆಯ ನೆಲದ ಮೇಲಿಟ್ಟು ಕೂತಿದ್ದಳು.

"ಏನಮ್ಮ, ಇಲ್ಲ ಇಲ್ಲ ಅಂತ ಎರಡು ಸಲ ಬರೆದುಕೊಟ್ರಲ್ಲ, ಈಗೇನು ಹೇಳ್ತೀರಿ?" ಅತ್ತೆಯ ಗಂಟಲು ಮಹಡಿಯಿಡೀ ಕೇಳಿಸಿತು. "ಮಗೂ ಕಾಲಿಗೆ ತೂತು ಮಾಡಿದ್ದೇ ಬಂತು!"

"ಮೊದಲು ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ ನಾನು."

"ಹಾಗಾದ್ರೆ ನಿಂತ್ಕೊಂಡೇ ಕೇಳಿ. ಆ ಕ್ಲಿನಿಕ್ಕಿನವನು ಪಟ್ಟಿ ಹಾಕಿದ್ನಾ, ಉಂಗುರದ ಕಾಗದ ಹಾಕಿದ್ನಾ?"

"ಪಟ್ಟಿ."

"ಅಲ್ಲಿಗೆ ಮುಗೀತು. ಪಟ್ಟಿ ಮೇಲೆ ಕಂಡಿದ್ದು ಮಗೂದಲ್ಲ, ಇವಳದ್ದು" ಅಂತ ಗುಂಡಿ ಹುಡುಗಿಯ ಕಡೆ ಕೈ ಮಾಡಿದಳು ಚುಚ್ಚಮ್ಮ. ಆಮೇಲೆ ಬುತ್ತಿಯ ಪಾಠ ಶುರುವಾಯಿತು. ಸಾವಿರ ಸಲ ಹೇಳಿದ ಮಾತು, ನಾಲಿಗೆ ತಾನಾಗಿ ಹೊರಳುತ್ತಿತ್ತು. ಇವಳ ಮೈ ಆ ರೋಗದ ಜೊತೆ ಹೊಡೆದಾಡ್ತಾ ಇರುತ್ತೆ, ಆ ಹೊಡೆದಾಟದಲ್ಲಿ ತಯಾರಾಗಿದ್ದೇ ಬುತ್ತಿ, ಹೊಟ್ಟೇಲಿರುವಾಗ ಮಗೂಗೆ ಕಟ್ಟಿಕೊಟ್ಟಿದ್ದಾಳೆ, ಅಷ್ಟೇ. ರೋಗ ದಾಟಿ ಹೋಗದ ಹಾಗೆ ಮಾತ್ರೆ ಅದನ್ನ ಮಲಗಿಸಿ ಇಟ್ಟಿದೆ. ಮಗು ಚೆನ್ನಾಗಿದೆ. ಜ್ವರ ನೆಗಡಿಯದ್ದು.

ಅತ್ತೆಯ ಗಂಟಲು ಇಳಿಯಿತು. ಕುರ್ಚಿಯಲ್ಲಿ ಕೂತಳು. "ಅಬ್ಬಾ! ಇವಳೂ ಒಂದು ಏನೋ ಕಟ್ಟಿಕೊಟ್ಟಿದ್ದಾಳೆ ಅನ್ನಿ" ಅಂತ ಸೊಸೆಯ ಕಡೆ ನೋಡಿ ಮೂಗು ಮುರಿದಳು. ಆದರೆ ಕಣ್ಣು ಒದ್ದೆಯಾಗಿತ್ತು.

ಗುಂಡಿ ಹುಡುಗಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲ ಹತ್ತಿರ ಹೋಗಿ, ಹಿಂದಿರುಗಿ ಕೇಳಿದಳು: "ಅಕ್ಕಾ, ಬುತ್ತಿ ಖಾಲಿಯಾದ ಮೇಲೆ ಏನು ಮಾಡೋದು?"

ಚುಚ್ಚಮ್ಮ ಆಗಲೇ ಬಗ್ಗಿ ಚಪ್ಪಲಿ ಹುಡುಕುತ್ತಿದ್ದಳು. "ಆಮೇಲಿನದು ಆಮೇಲೆ ನೋಡೋಣ ಕಣಮ್ಮ. ಹೊತ್ತಾಯ್ತು, ಹೋಗು" ಅಂದಳು.

ಅಷ್ಟೇ ಆದದ್ದು. ಬೈದದ್ದಲ್ಲ, ಗದರಿದ್ದಲ್ಲ. ಒಂದು ಚಪ್ಪಲಿ ಮೇಜಿನ ಕೆಳಗೆ ಸೇರಿಕೊಂಡಿತ್ತು, ಅಷ್ಟೇ.

ವರ್ಷ ತುಂಬಿದಾಗ ಗುಂಡಿ ಹುಡುಗಿ ಬಂದು ಹೋದಳು, ಉಂಗುರದ ಕಾಗದ ಆಗಲೂ ವೈರಸ್ ಇಲ್ಲ ಅಂತಲೇ ಹೇಳಿತು. ಎದೆ ಹಾಲು ಇನ್ನು ನಿಧಾನಕ್ಕೆ ಬಿಡಿಸು ಅಂತ ಡಾಕ್ಟರಮ್ಮ ಹೇಳಿ ಕಳಿಸಿದಳು. ಒಂದೂವರೆ ವರ್ಷದ ದಿನ ಬಂತು, ಅವಳು ಬರಲಿಲ್ಲ. ಚೀಟಿ ಬರೆಯುವವನು ಫೋನು ಮಾಡಿದರೆ ಕಾರ್ಖಾನೆಯಲ್ಲಿ ರಜೆ ಕೊಡುತ್ತಿಲ್ಲ ಅಂದಳಂತೆ. ಇನ್ನೊಂದು ವಾರ, ಮತ್ತೊಂದು ವಾರ. ಬರದೇ ಇರುವವರು ಬೇಕಾದಷ್ಟು ಜನ ಇರುತ್ತಾರೆ. ಚುಚ್ಚಮ್ಮ ಅವರ ಹೆಸರನ್ನು ನೆನಪಿಟ್ಟುಕೊಳ್ಳುವುದನ್ನು ಯಾವತ್ತೋ ಬಿಟ್ಟಿದ್ದಳು. ಇಲ್ಲದಿದ್ದರೆ ತಲೆ ಕೆಟ್ಟುಹೋಗುತ್ತದೆ.

ಹತ್ತೊಂಬತ್ತು ತಿಂಗಳು ತುಂಬಿದ ಮೇಲೆ ಅತ್ತೆಯೇ ಸೊಸೆಯನ್ನು ಎಳೆದುಕೊಂಡು ಬಂದಳು. "ಕೊನೇ ಪರೀಕ್ಷೆ ಮುಗಿಸ್ಕೊಂಡು ಬಾರೇ ಅಂದ್ರೆ ಇವಳಿಗೆ ದಿನಕ್ಕೊಂದು ನೆಪ. ತಗೊಳ್ಳಿ, ಹಿಡ್ಕೊಂಡು ಬಂದಿದ್ದೀನಿ. ನಾನು ಹೊರಗೆ ಕೂತಿರ್ತೀನಿ, ನಂಗೆ ರಕ್ತ ನೋಡಿದ್ರೆ ಆಗಲ್ಲ."

ಚೂಟಿ ಈಗ ನಡೆಯುತ್ತಿದ್ದಳು. ಪೋಸ್ಟರನ್ನು ಒಂದು ಮೂಲೆಯಿಂದ ಕೀಳಲು ನೋಡಿದಳು. ಹಿಡಿದು ತೊಡೆಯ ಮೇಲೆ ಕೂರಿಸಿ, ಬೆರಳು ಬೆಚ್ಚಗೆ ಮಾಡಿ, ಎರಡಕ್ಕೆ ಚುಚ್ಚಿ, ಪಟ್ಟಿಯ ಮೇಲೆ ಹನಿ ಬಿಟ್ಟು, ಗಡಿಯಾರ ನೋಡಿದಳು ಚುಚ್ಚಮ್ಮ. ಹದಿನೈದು ನಿಮಿಷ. ಮಗು ಅತ್ತು, ಬಿಕ್ಕಿ, ಸುಮ್ಮನಾಯಿತು.

ಒಂದು ಗೆರೆ ಬಂತು. ಅದು ಎಲ್ಲರಿಗೂ ಬರುವುದೇ, ಪಟ್ಟಿ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ. ಎರಡನೆಯದರ ಜಾಗ ಬೆಳ್ಳಗಿತ್ತು. ಅಥವಾ ಚುಚ್ಚಮ್ಮನ ಐವತ್ತೇಳು ವರ್ಷದ ಕಣ್ಣಿಗೆ ಬೆಳ್ಳಗೆ ಕಂಡಿತು. ಗುಂಡಿ ಹುಡುಗಿ ದಿನಕ್ಕೆ ನೂರಾರು ಅಂಗಿಯ ಮೇಲೆ ದಾರ ನೋಡುವವಳು. ಅವಳೇ ಮೊದಲು ಕಂಡದ್ದು.

"ಇದೆ ಅಕ್ಕ! ಇಲ್ನೋಡಿ, ತೆಳ್ಳಗೆ. ಇನ್ನೂ ಇದೆ!"

ಚುಚ್ಚಮ್ಮ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಇತ್ತು. ಒಂದೆಳೆ ದಾರದಷ್ಟು. ತಾಯಿಯದ್ದು ಕೆಲವು ಮಕ್ಕಳಲ್ಲಿ ಒಂದೆರಡು ತಿಂಗಳು ಹೆಚ್ಚೇ ಉಳಿಯುವುದುಂಟು. ಆದರೆ ಹೊಸದಾಗಿ ಬಂದ ರೋಗವೂ ಮೊದಲು ಹೀಗೇ ತೆಳ್ಳಗೆ ಕಾಣುತ್ತದೆ. ಕರಗುತ್ತಿರುವ ಗೆರೆಯೋ, ಮೂಡುತ್ತಿರುವ ಗೆರೆಯೋ, ಪಟ್ಟಿಗೆ ಗೊತ್ತಾಗುವುದಿಲ್ಲ. ಅವಳು ತಲೆಯೆತ್ತಿದಳು. ಅವಳ ಜೀವ ಜಲ್ಲೆಂದದ್ದು ಗೆರೆಗಲ್ಲ. ಎರಡನೇ ಗೆರೆ ನೋಡಿ ಒಬ್ಬ ತಾಯಿ ನಗುತ್ತಿದ್ದಳು. ಇಪ್ಪತ್ತಾರು ವರ್ಷದಲ್ಲಿ ಅದನ್ನು ಅವಳು ಕಂಡಿರಲಿಲ್ಲ.

"ಯಾಕಮ್ಮ ಇಷ್ಟು ಖುಷಿ ನಿಂಗೆ?"

"ಖಾಲಿ ಆಗಿರುತ್ತೇನೋ ಅಂತ ಹೆದರಿಕೊಂಡಿದ್ದೆ ಅಕ್ಕ. ಅದಕ್ಕೇ ಬಂದಿರ್ಲಿಲ್ಲ."

"ಹಾಲು ಬಿಡಿಸಿದ್ದೀಯ ತಾನೆ?"

ಹುಡುಗಿ ನೆಲ ನೋಡಿದಳು. "ಅತ್ತೆಗೆ ಹೇಳ್ಬೇಡಿ. ಕೆಲಸದಿಂದ ಬಂದ ತಕ್ಷಣ ಒಂದು ಸಲ, ಬೆಳಿಗ್ಗೆ ಒಂದು ಸಲ."

"ಮಾತ್ರೆ?"

"ತಗೋತೀನಲ್ಲ."

"ದಿನಾ?"

ಹೊರಗೆ ಯಾರದೋ ಮಗು ಅಳುತ್ತಿತ್ತು. ಹುಡುಗಿ ಚೂಟಿಯ ಅಂಗಿಯ ಗುಂಡಿಯನ್ನು ಹಾಕಿದಳು, ಬಿಚ್ಚಿದಳು, ಮತ್ತೆ ಹಾಕಿದಳು. "ದಿನ ಬಿಟ್ಟು ದಿನ" ಅಂದಳು.

"ಅಯ್ಯೋ ನಿನ್ನ! ಯಾಕೆ?"

"ನೀವೇ ಹೇಳಿದ್ರಲ್ಲಕ್ಕ. ಮೈ ರೋಗದ ಜೊತೆ ಹೊಡೆದಾಡಿದ್ರೆ ಬುತ್ತಿ ತಯಾರಾಗುತ್ತೆ ಅಂತ. ಮಾತ್ರೆ ರೋಗಾನ ಮಲಗಿಸಿಬಿಡುತ್ತೆ ಅಂತಾನೂ ನೀವೇ ಹೇಳಿದ್ದು. ರೋಗ ಮಲಗಿಬಿಟ್ರೆ ಹೊಡೆದಾಟ ಎಲ್ಲಿ? ಹೊಡೆದಾಟ ಇಲ್ದಿದ್ರೆ ಬುತ್ತಿ ಎಲ್ಲಿಂದ ಬರುತ್ತೆ? ಅದಕ್ಕೆ ಒಂದಿನ ಮಲಗಿಸ್ತೀನಿ, ಒಂದಿನ ಎಬ್ಬಿಸ್ತೀನಿ. ಆಮೇಲೆ ಅದನ್ನ ಹಾಲಲ್ಲಿ ಕೊಡ್ತೀನಿ. ಖಾಲಿ ಆಗೋಕೆ ಬಿಟ್ಟಿಲ್ಲ ನಾನು." ಮಿಕ್ಕ ಮಾತ್ರೆಗಳನ್ನು ಮನೆಯಲ್ಲಿ ಗುಂಡಿ ಡಬ್ಬಿಯೊಳಗೆ ಬಚ್ಚಿಟ್ಟಿದ್ದಳಂತೆ, ಅತ್ತೆಯ ಕಣ್ಣಿಗೆ ಬೀಳದಿರಲಿ ಅಂತ.

ಹುಡುಗಿ ಹೇಳಿದ್ದರಲ್ಲಿ ಒಂದೊಂದು ಮಾತೂ ಚುಚ್ಚಮ್ಮನದ್ದೇ. ಎರಡು ಮಾತನ್ನು ತಂದು ಪಕ್ಕಪಕ್ಕ ಇಟ್ಟು ಹೊಲಿದದ್ದು ಮಾತ್ರ ಹುಡುಗಿ. ಬುತ್ತಿ ಅನ್ನುವುದು ಪಟ್ಟಿಯ ಗೆರೆಗೆ ಹೆದರದಿರಲಿ ಅಂತ ಹೇಳಿದ ಮಾತು, ಅದು ಮಗುವನ್ನು ರೋಗದಿಂದ ಕಾಯುತ್ತದೆ ಅಂತ ಯಾರೂ ಹೇಳಿರಲಿಲ್ಲ. ಆದರೆ ಕಾಯುವುದಿಲ್ಲ ಅಂತಲೂ ಯಾರೂ ಹೇಳಿರಲಿಲ್ಲ. ಅಮ್ಮ ಕಟ್ಟಿಕೊಟ್ಟ ಬುತ್ತಿ ಅಂದ ಮೇಲೆ, ಅದು ಒಳ್ಳೆಯದು ಅಂತ ಅಂದುಕೊಳ್ಳದೆ ಇನ್ನೇನು ಅಂದುಕೊಂಡಾಳು? ಅದೂ ತನ್ನಮ್ಮನಿಂದ ಒಂದು ತುತ್ತು ಕಾಣದವಳು. ಕಾಯುತ್ತಿದ್ದದ್ದು ಮಾತ್ರೆ. ಅದನ್ನೇ ಅವಳು ಅರ್ಧಕ್ಕೆ ಇಳಿಸಿದ್ದಳು, ಹತ್ತು ತಿಂಗಳು, ಹಾಲು ಕೊಡುತ್ತಾ.

ಡಾಕ್ಟರಮ್ಮನ ಕೋಣೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಎಲ್ಲ ಕೇಳಿ, ಪೆನ್ನು ಕೆಳಗಿಟ್ಟು, "ಇದನ್ನೆಲ್ಲ ನಿಂಗೆ ಯಾರಮ್ಮ ಹೇಳಿದ್ದು?" ಅಂದಳು.

"ಯಾರೂ ಇಲ್ಲ" ಅಂದಳು ಹುಡುಗಿ.

"ನಾನೇ" ಅಂದಳು ಚುಚ್ಚಮ್ಮ.

ಇಬ್ಬರೂ ಒಟ್ಟಿಗೇ ಹೇಳಿದ್ದರು. ಡಾಕ್ಟರಮ್ಮ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದಳು. "ನಾನೂ ಹೇಳಿದ್ದೀನಿ ಬಿಡಿ" ಅಂದು ಬರೆಯಲು ಶುರು ಮಾಡಿದಳು. ಹಾಲು ಇವತ್ತಿಗೇ ನಿಲ್ಲಬೇಕು. ಮಾತ್ರೆ ದಿನಾ ಎಂಟು ಗಂಟೆಗೆ. ತಾಯಿಯ ರಕ್ತದಲ್ಲಿ ವೈರಸ್ ಎಷ್ಟು ಏರಿದೆ ನೋಡಬೇಕು. ಹುಟ್ಟಿದಾಗ ಕೊಟ್ಟ ಹಾಗೆ ಮಗುವಿಗೆ ಮತ್ತೆ ರೋಗ ತಡೆಯುವ ಸಿರಪ್ಪು. ಮತ್ತೆ ಉಂಗುರದ ಕಾಗದ, ಅದರ ಫಲಿತಾಂಶಕ್ಕೆ ಮೂರು ವಾರ.

"ನಾನು ಅವಳಿಗೆ ಕೊಟ್ಟುಬಿಟ್ಟೆನಾ ಡಾಕ್ಟ್ರೇ?" ಹುಡುಗಿ ಕೇಳಿದಳು. ಈಗ ಎಲ್ಲ ಅರ್ಥವಾಗಿತ್ತು ಅವಳಿಗೆ.

"ಗೊತ್ತಿಲ್ಲಮ್ಮ. ಮೂರು ವಾರ ಕಾಯೋಣ."

ಹೊರಗೆ ಬೆಂಚಿನ ಮೇಲಿದ್ದ ಅತ್ತೆಗೂ ಹೇಳಲೇಬೇಕಾಯಿತು. ಮುಗಿಲು ಹರಿದು ಬೀಳುತ್ತದೆ ಅಂತ ಚುಚ್ಚಮ್ಮ ಮೈ ಬಿಗಿ ಹಿಡಿದು ನಿಂತಳು. ಅತ್ತೆ ಬೈಯಲಿಲ್ಲ. ಸೊಸೆಯನ್ನು ನೋಡಿ, "ಇವಳ ಬಾಯಿಗೆ ಮಾತ್ರೆ ಹಾಕೋ ಕೆಲಸ ಇನ್ನು ನಂದು" ಅಂದಳು. ಸೊಸೆಗೆ, "ಚಮಚದ ಮಾತು ಇನ್ಮೇಲೆ ಆಡಲ್ಲ ಬಿಡೇ" ಅಂದಳು. ಆಮೇಲೆ ಮಗುವನ್ನು ಕಿತ್ತುಕೊಂಡು ಮುಂದೆ ಮುಂದೆ ನಡೆದಳು.

ಆ ಮೂರು ವಾರ ಚುಚ್ಚಮ್ಮ ಕೆಲಸ ಬಿಡಲಿಲ್ಲ. ಬಿಟ್ಟರೆ ಯಾರು ಚುಚ್ಚುತ್ತಾರೆ? ಆದರೆ ಕೈಗೆ ಮೊದಲಿನ ಧೈರ್ಯ ಇರಲಿಲ್ಲ. ಎರಡು ಮಕ್ಕಳಿಗೆ ಎರಡೆರಡು ಸಲ ಚುಚ್ಚಬೇಕಾಗಿ ಬಂತು. ರಿಜಿಸ್ಟರಿನ ಹಾಳೆ ಹಾಳೆ ತಿರುವಿ ಹಳೆಯ ಹೆಸರುಗಳನ್ನು ನೋಡಿದಳು. ಎಷ್ಟು ಜನ ತಾಯಂದಿರಿಗೆ ಬುತ್ತಿ ಅಂದಿದ್ದೇನೆ? ಅವರೆಲ್ಲ ಮನೆಗೆ ಹೋಗಿ ಅದನ್ನು ಏನೆಂದು ಹೊಲಿದುಕೊಂಡರು? ಒಬ್ಬೊಬ್ಬರಿಗೆ ಫೋನು ಮಾಡತೊಡಗಿದಳು, ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ಹೆಚ್ಚಿನವರಿಗೆ ಸರಿಯಾಗಿಯೇ ಅರ್ಥವಾಗಿತ್ತು. ಒಬ್ಬಳು "ಯಾವ ಬುತ್ತಿ?" ಅಂದಳು. ಇನ್ನೊಬ್ಬಳು ನಕ್ಕು, "ಏನಕ್ಕ, ರಿಟೈರ್ ಆಗ್ತಿದ್ದೀರಾ, ಎಲ್ಲರ ಹತ್ರ ವಿದಾಯ ಹೇಳ್ತಿದ್ದೀರಾ?" ಅಂದಳು.

ಮನೆಯಲ್ಲಿ ಗಂಡನಿಗೂ ಹೇಳಿದಳು. ಈ ಸಲ ಅವನು ಭೂತಗನ್ನಡಿ ತೆಗೆದು ಪೂರ್ತಿ ಕೇಳಿದ. "ನಿನ್ನ ತಪ್ಪೇನಿದೆ ಇದರಲ್ಲಿ? ಅವಳು ತಪ್ಪು ಕೇಳಿಸ್ಕೊಂಡಿದ್ದಾಳೆ."

"ಇಲ್ಲ ರೀ. ಅವಳು ಸರಿಯಾಗೇ ಕೇಳಿಸ್ಕೊಂಡಿದ್ದಾಳೆ. ಅದೇ ಕಷ್ಟ."

ಅವನು ಎದ್ದು ಹೋಗಿ ಅವಳ ಮಂಡಿಗೆ ಬಿಸಿನೀರಿನ ಚೀಲ ತಂದುಕೊಟ್ಟ.

ಮೂರು ವಾರ ಅಂದದ್ದು ನಾಲ್ಕಾಯಿತು. ಲಕೋಟೆ ಬಂದ ದಿನ ಚುಚ್ಚಮ್ಮ ಅದನ್ನು ಒಡೆಯದೆ ಡಾಕ್ಟರಮ್ಮನ ಮೇಜಿನ ಮೇಲಿಟ್ಟು ಬಾಗಿಲಲ್ಲಿ ನಿಂತಳು. ಡಾಕ್ಟರಮ್ಮ ಒಡೆದು, ಓದಿ, ತಿರುಗಿಸಿ ತೋರಿಸಿದಳು. ವೈರಸ್ ಕಂಡುಬಂದಿಲ್ಲ.

ಚುಚ್ಚಮ್ಮ ಗೋಡೆಗೆ ಒರಗಿದಳು. "ಮುಗೀತಾ?"

"ಎಲ್ಲಿ ಮುಗೀತಕ್ಕ? ಹಾಲು ಬಿಟ್ಟು ಒಂದು ತಿಂಗಳೂ ಸರಿಯಾಗಿ ಆಗಿಲ್ಲ. ಕೊನೆಯಲ್ಲಿ ಏನಾದ್ರೂ ದಾಟಿದ್ರೆ ಈಗ ಕಾಣಿಸದೇ ಇರಬಹುದು. ಹಾಲು ಬಿಟ್ಟು ಮೂರು ತಿಂಗಳು ತುಂಬಲಿ, ಪಟ್ಟಿ ಹಾಕೋಣ. ಆಗಲೇ ಖಚಿತ."

ಮತ್ತೆ ಕಾಯುವುದು. ಸಂತೋಷ ಪಡಲೂ ತ್ರಾಣ ಬೇಕು, ಅದೂ ಪೂರ್ತಿ ಸಿಗಲಿಲ್ಲ ಯಾರಿಗೂ. ಗುಂಡಿ ಹುಡುಗಿ ಫೋನಿನಲ್ಲಿ "ಹ್ಞೂಂ" ಅಂದಳು, ಅಷ್ಟೇ. ಹಾಲು ಬಿಟ್ಟ ಚೂಟಿ ಹದಿನೈದು ದಿನ ಮನೆಯಲ್ಲಿ ಯಾರನ್ನೂ ನೆಮ್ಮದಿಯಾಗಿ ಇರಲು ಬಿಡಲಿಲ್ಲವಂತೆ. ಅಮ್ಮನ ಅಂಗಿ ಹಿಡಿದು ಎಳೆಯುವುದು, ಕಚ್ಚುವುದು. ಹುಡುಗಿ ಕೆಲಸದಿಂದ ಬಂದರೂ ಬೀದಿಯಲ್ಲೇ ಒಂದು ಸುತ್ತು ಹಾಕಿ, ಮಗು ಮಲಗಿದ ಮೇಲೆ ಒಳಗೆ ಬರುತ್ತಿದ್ದಳಂತೆ. ಅತ್ತೆ ಮಾತ್ರ ಎಂಟು ಹೊಡೆದ ಕೂಡಲೇ ಮಾತ್ರೆ, ನೀರಿನ ಲೋಟ ಹಿಡಿದು ಎದುರಿಗೆ ನಿಂತು, "ಬಾಯಿ ತೆಗೆ. ನಾಲಿಗೆ ಎತ್ತು" ಅನ್ನುತ್ತಿದ್ದಳು. "ನೀವು ಜೈಲಲ್ಲಿ ಕೆಲಸ ಮಾಡ್ಬೇಕಿತ್ತು ಅತ್ತೆ" ಅಂದರೆ, "ಈಗ ಇನ್ನೇನು ಮಾಡ್ತಿದ್ದೀನಿ?" ಅಂತ ಉತ್ತರ.

ಮೂರು ತಿಂಗಳು ತುಂಬಿದ ದಿನ ಮೂವರೂ ಬಂದರು. ಹೊರಗೆ ಎಂದಿನಂತೆ ಸಾಲು. ಚೂಟಿಯ ಬೆರಳು ಚುಚ್ಚಿ, ಹನಿ ಬಿಟ್ಟು, ಕಾದರು. ಈ ಸಲ ಅತ್ತೆಯೂ ಒಳಗೇ ಇದ್ದಳು, ರಕ್ತಕ್ಕೆ ಬೆನ್ನು ಹಾಕಿ ಟ್ಯಾಂಕಿನ ಗೋಡೆ ನೋಡುತ್ತಾ. ಹದಿನೈದು ನಿಮಿಷವಾಯಿತು. ಚುಚ್ಚಮ್ಮ ಪಟ್ಟಿಯನ್ನು ನೋಡಿದಳು, ತನ್ನ ಕಣ್ಣನ್ನು ನಂಬದೆ ಹುಡುಗಿಯ ಕೈಗೆ ಕೊಟ್ಟಳು. ಹುಡುಗಿ ಬೆಳಕಿಗೆ ಹಿಡಿದು, ಓರೆ ಮಾಡಿ, ಹತ್ತಿರ ತಂದು, ದೂರ ಹಿಡಿದು ನೋಡಿದಳು.

"ಒಂದೇ" ಅಂದಳು.

"ಒಂದೇನಾ? ಸರಿಯಾಗಿ ನೋಡು."

"ಒಂದೇ ಅಕ್ಕ. ಎರಡನೇದು ಇಲ್ಲ. ಎಳೆಯೂ ಇಲ್ಲ."

ಅತ್ತೆ ತಿರುಗಿ ನೋಡದೆ ಕಿಟಕಿಯ ಸರಳು ಹಿಡಿದುಕೊಂಡಳು. ಡಾಕ್ಟರಮ್ಮ ಬಂದು ನೋಡಿ, ಮಗುವಿನ ಕಡತದ ಮೇಲೆ ಬರೆದು, ಸಹಿ ಹಾಕಿ, ಚೂಟಿಯ ಕೆನ್ನೆ ತಟ್ಟಿ ಹೋದಳು. ಐದು ನಿಮಿಷದ ಕೆಲಸ. ಎಲ್ಲರೂ ಎದ್ದು ಹೋಗಬಹುದಾಗಿತ್ತು. ಹುಡುಗಿ ಮಾತ್ರ ಏಳಲಿಲ್ಲ. ಪಟ್ಟಿ ಇನ್ನೂ ಅವಳ ಕೈಯಲ್ಲೇ ಇತ್ತು.

"ನಂದು ಅಂತ ಅವಳಲ್ಲಿ ಏನೂ ಉಳೀಲಿಲ್ಲ ಅಲ್ವಾ ಅಕ್ಕ?"

ಚುಚ್ಚಮ್ಮನಿಗೆ ಒಂದು ಚೆಂದದ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. "ಉಳೀಲಿಲ್ಲ. ಉಳೀದೇ ಇರೋದೇ ಒಳ್ಳೇದು" ಅಂದಳು.

"ಇನ್ನು ಏನು ಕೊಡ್ಲಿ ಅವಳಿಗೆ?"

"ಏನೂ ಕೊಡ್ಬೇಡ. ಎಂಟು ಗಂಟೆಗೆ ಮಾತ್ರೆ ತಗೋ."

ಹುಡುಗಿ ತಲೆಯಾಡಿಸಿದಳು. ಇಷ್ಟು ವರ್ಷ ತಾಯಂದಿರು ತಲೆಯಾಡಿಸಿದರೆ ಅರ್ಥವಾಯಿತು ಅಂತ ಚುಚ್ಚಮ್ಮ ಮುಂದಿನವರನ್ನು ಕರೆಯುತ್ತಿದ್ದಳು. ಇವತ್ತು ಕರೆಯಲಿಲ್ಲ. ಸ್ಟೂಲನ್ನು ಹುಡುಗಿಯ ಎದುರಿಗೆ ಎಳೆದುಕೊಂಡು ಕೂತಳು. "ತಲೆ ಆಡಿಸಿದ್ರೆ ಸಾಲದು. ಡಾಕ್ಟ್ರಮ್ಮ ಏನು ಹೇಳಿದ್ರು, ನಾನೇನು ಹೇಳ್ದೆ, ನೀನು ಹೇಳು. ನಿನ್ನ ಮಾತಲ್ಲೇ."

"ಈಗ್ಲಾ? ಹೊರಗೆ ಅಷ್ಟು ಜನ ಕಾಯ್ತಿದ್ದಾರೆ."

"ಕಾಯ್ಲಿ."

ಹೊರಗಿಂದ ಯಾರೋ ಬಾಗಿಲು ತಟ್ಟಿ, "ಏನ್ರೀ, ಒಳಗೆ ಮನೆ ಮಾಡ್ಕೊಂಡುಬಿಟ್ರಾ?" ಅಂದರು. ಅತ್ತೆ ಕಿಟಕಿಯ ಹತ್ತಿರದಿಂದಲೇ, "ಹೌದು ಕಣ್ರೀ, ಬಾಡಿಗೆಗೆ ಬಂದಿದ್ದೀವಿ! ಸುಮ್ನೆ ಕೂತ್ಕೊಳ್ಳಿ" ಅಂತ ಕೂಗಿದಳು.

ಹುಡುಗಿ ಒಂದೊಂದೇ ಮಾತು ಹುಡುಕಿ ಹೇಳಿದಳು. "ಚೂಟಿಗೆ ರೋಗ ಇಲ್ಲ. ನನ್ನಿಂದ ಹೋಗಿದ್ದು ಎಲ್ಲಾ ಕರಗಿದೆ. ಅದು ಅವಳನ್ನ ಕಾಯ್ತಾ ಇರ್ಲಿಲ್ಲ, ಕಾಯ್ತಾ ಇದ್ದಿದ್ದು ಮಾತ್ರೆ. ನಾನು ಅದನ್ನ ಬಿಟ್ಟಿದ್ದೆ. ಬಿಟ್ಟರೂ ಅವಳಿಗೆ ಬರ್ಲಿಲ್ಲ, ಅದು ಅದೃಷ್ಟ." ಚೂಟಿಯ ಅಂಗಿಯ ಮೇಲಿನ ಗುಂಡಿ ಹಾಕಿದಳು. "ಅವಳು ಇನ್ನು ಇಲ್ಲಿಗೆ ಬರೋ ಹಾಗಿಲ್ಲ. ನಾನು ಬರ್ಬೇಕು."

"ಎಲ್ಲಿ ತನಕ?"

"ಇರೋ ತನಕ."

"ಸರಿ" ಅಂದಳು ಚುಚ್ಚಮ್ಮ. "ಸರಿಯಾಗಿದೆ." ಹುಡುಗಿಯ ಕೈಯಿಂದ ಪಟ್ಟಿ ತೆಗೆದುಕೊಂಡು ಡಬ್ಬಿಗೆ ಹಾಕಿದಳು. ಸಾಲಿನಲ್ಲಿ ಇನ್ನೂ ಇಪ್ಪತ್ತೊಂದು ಮಕ್ಕಳಿದ್ದರು, ಒಬ್ಬೊಬ್ಬರ ತಾಯಿಯ ಬಾಯಲ್ಲೂ ಇನ್ನು ಹೀಗೆ ಹೇಳಿಸಬೇಕು, ಮನೆ ಸೇರುವುದು ಏಳು ಗಂಟೆಯಾದೀತು. ಬಾಗಿಲು ತೆರೆದು ಮುಂದಿನವರನ್ನು ಕರೆದಳು.